ಪಿಕಪ್ ಕೊಳ್ಳುವ ಮುಂಚೆ ತೋಟದ ಏರು ಅಳೆದು ನೋಡಿ

ಮೆಕ್ಯಾನಿಕ್ ನಮ್ಮ ಪಿಕಪ್‌ನ ಬಾನೆಟ್ ಎತ್ತಿ ಆಯಿಲ್ ನೋಡುವ ಕಡ್ಡಿ ಎಳೆದ. ಬಟ್ಟೆಯಲ್ಲಿ ಒರೆಸಿ ಮತ್ತೆ ಅದ್ದಿದ, ಮತ್ತೆ ಎಳೆದ. ಆಯಿಲ್ ಮೇಲಿನ ಗುರುತಿಗಿಂತ ಒಂದು ಬೆರಳಷ್ಟು ಹೆಚ್ಚಿತ್ತು. ಕಡಿಮೆಯಾಗಿರಬಹುದು ಅಂದುಕೊಂಡು ಹೋದವನು ನಾನು. ಯಾರೂ ಸುರಿಯದೆ ಆಯಿಲ್ ಹೆಚ್ಚುವುದು ಹೇಗೆಂದು ತಿಳಿಯದೆ ನಿಂತಿದ್ದೆ. ಅವನು ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿ ನನ್ನ ಕೈಗೆ ಕೊಟ್ಟ. ಡೀಸೆಲ್ ವಾಸನೆ ಹೊಡೆಯುತ್ತಿತ್ತು.

“ಗಾಡಿ ದಿನಾ ಎಷ್ಟು ಓಡುತ್ತಣ್ಣ?”

“ಏಳೆಂಟು ಕಿಲೋಮೀಟರ್.”

“ಎಲ್ಲಾ ತೋಟದೊಳಗೇನಾ?”

“ಹೆಚ್ಚುಕಮ್ಮಿ ಅಷ್ಟೇ.”

“ಹಂಗಾದ್ರೆ ಇದಕ್ಕೆ ಓಟ ಸಾಲ್ತಿಲ್ಲ ಅಣ್ಣ. ತಿಂಗಳಿಂದ ಲೈಟ್ ಉರೀತಿದ್ರೂ ಯಾರೂ ನೋಡಿಲ್ಲ.”

ಅವನು ಹೇಳಿದ್ದು ನಿಜ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿಯುತ್ತಿತ್ತು, ನಾವದನ್ನು ದೀಪವೆಂದೇ ಲೆಕ್ಕಕ್ಕೆ ಇಟ್ಟಿರಲಿಲ್ಲ. ಸೈಲೆನ್ಸರ್ ಸಾಲಿನಲ್ಲಿರುವ ಫಿಲ್ಟರ್ ಕಟ್ಟಿಕೊಂಡಿತ್ತು. ಗಾಡಿ ಕೊಂಡು ಎರಡು ವರ್ಷವೂ ಆಗಿರಲಿಲ್ಲ. ಮಾರಿದವರು ಎಷ್ಟು ಎಚ್‌ಪಿ, ಎಷ್ಟು ಟನ್, ಕಂತು ಎಷ್ಟು ಎಂದು ಒಂದು ಗಂಟೆ ಮಾತಾಡಿದ್ದರು. ಗಾಡಿ ದಿನಕ್ಕೆ ಎಷ್ಟು ಓಡುತ್ತದೆ, ಎಂಥ ದಾರಿಯಲ್ಲಿ ಓಡುತ್ತದೆ ಎಂದು ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಈಗ ನನ್ನ ಭಾವನ ಸರದಿ. ಅವರ ತೋಟ ಬಣಕಲ್ ಕಡೆ. ರೊಬಸ್ಟಾ ಕಾಫಿಗೆ ಈಚಿನ ವರ್ಷಗಳಲ್ಲಿ ಸಿಕ್ಕ ಬೆಲೆ ನಮ್ಮ ಅಪ್ಪಂದಿರು ಕಂಡದ್ದಲ್ಲ. ಅದರ ಮೇಲೆ 2025ರ ಸೆಪ್ಟೆಂಬರ್ 22ರಿಂದ ಸರಕು ವಾಹನಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿಯಿತು. ಸಕಲೇಶಪುರ, ಮೂಡಿಗೆರೆ, ಆಲ್ದೂರು, ಬಾಳೆಹೊನ್ನೂರು, ಎತ್ತ ಹೋದರೂ ನಂಬರ್ ಪ್ಲೇಟ್ ಬಾರದ ಹೊಸ ಪಿಕಪ್ ಒಂದಾದರೂ ಎದುರಾಗುತ್ತದೆ. ಭಾವ ಫೋನ್ ಮಾಡಿ ಕೇಳಿದ್ದು ಎಲ್ಲರೂ ಕೇಳುವ ಪ್ರಶ್ನೆ: “ಯಾವ ಇಂಜಿನ್ ಒಳ್ಳೇದು? ಫೋರ್ ವೀಲ್ ಬೇಕಾ?” ಅದಕ್ಕೆ ಉತ್ತರ ಗಾಡಿಯ ಕಂಪನಿಯಲ್ಲಿ ಸಿಗುವುದಿಲ್ಲ, ನಿಮ್ಮ ತೋಟದ ರಸ್ತೆಯಲ್ಲಿ ಮತ್ತು ಗಾಡಿಯ ದಿನಚರಿಯಲ್ಲಿ ಸಿಗುತ್ತದೆ ಎಂದು ಅವರಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಎಚ್‌ಪಿಯ ಮಾತು. ನಮ್ಮಲ್ಲಿ ಸಿಗುವ ಪಿಕಪ್‌ಗಳು ಎರಡು ಜಾತಿ. ಒಂದು ಭಾರ ಹೊರಲೆಂದೇ ಮಾಡಿದ್ದು. ಬೊಲೆರೊ ಪಿಕಪ್‌ಗೆ 2523 ಸಿಸಿ ಡೀಸೆಲ್ ಇಂಜಿನ್, ಎಪ್ಪತ್ತು ಎಂಬತ್ತರ ನಡುವೆ ಎಚ್‌ಪಿ, 200 ನ್ಯೂಟನ್ ಮೀಟರ್ ಆಸುಪಾಸಿನ ಟಾರ್ಕ್, ಅಂದರೆ ತಿರುಚುಬಲ. ಟಾಟಾ ಯೋಧಾಗೆ 2.2 ಲೀಟರ್, 100 ಎಚ್‌ಪಿ, 250 ನ್ಯೂಟನ್ ಮೀಟರ್. ಇನ್ನೊಂದು ಜಾತಿ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ತರಹದ, ಎರಡು ಸಾಲು ಸೀಟಿನ ದೊಡ್ಡ ಡಬಲ್ ಕ್ಯಾಬ್‌ಗಳು. ವಿ-ಕ್ರಾಸ್‌ಗೆ 1.9 ಲೀಟರ್ ಇಂಜಿನ್‌ನಲ್ಲೇ 163 ಎಚ್‌ಪಿ, 360 ನ್ಯೂಟನ್ ಮೀಟರ್. ಹೈಲಕ್ಸ್‌ಗೆ 2.8 ಲೀಟರ್, 204 ಎಚ್‌ಪಿ, ಆಟೋಮ್ಯಾಟಿಕ್‌ನಲ್ಲಿ 500 ನ್ಯೂಟನ್ ಮೀಟರ್. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಬೊಲೆರೊ ಬಡಪಾಯಿಯಂತೆ ಕಾಣುತ್ತದೆ. ಆದರೆ ಭಾರದ ವಿಷಯ ಬಂದಾಗ ಲೆಕ್ಕ ತಿರುಗಿಬೀಳುತ್ತದೆ. ಬೊಲೆರೊ ಪಿಕಪ್, ಯೋಧಾಗಳಲ್ಲಿ 1.7 ಟನ್ ಹೊರುವ ಮಾದರಿಗಳಿವೆ, ಡಬಲ್ ಕ್ಯಾಬ್‌ಗಳಿಗೆ ಅದರ ಅರ್ಧದಷ್ಟನ್ನೂ ಹೊರಲು ಅನುಮತಿಯಿಲ್ಲ. ಅವುಗಳ ಉದ್ದವೂ 5.3 ಮೀಟರ್. ಕಣದ ಮುಂದೆ ತಿರುಗಿಸಲು, ಆಳುಗಳ ಲೈನ್ ಮನೆಗಳ ನಡುವೆ ಹಿಂದೆ ತೆಗೆಯಲು ಅದರ ಕಷ್ಟ ಓಡಿಸಿದವರಿಗೇ ಗೊತ್ತು. ಅವು ಒಳ್ಳೆಯ ಗಾಡಿಗಳು; ಮನೆಮಂದಿಯನ್ನು ಬೆಂಗಳೂರಿಗೆ ಕರೆದೊಯ್ದು ದಾರಿಯಲ್ಲಿ ಸ್ಪ್ರೇಯರ್ ಹಾಕಿಕೊಂಡು ಬರಲು ಅದಕ್ಕಿಂತ ಒಳ್ಳೆಯದಿಲ್ಲ. ಕಾಫಿ ಮೂಟೆ ಹೊರುವ ಕೆಲಸಕ್ಕೆ ಮಾತ್ರ ಅವುಗಳ 163, 204ಗಳಿಂದ ನನಗೆ ಉಪಯೋಗ ಕಾಣಲಿಲ್ಲ.

ಯಾಕೆಂದು ಒಂದು ಲೆಕ್ಕ ಹಾಕೋಣ. ಮೂರನೇ ತರಗತಿಯ ಗುಣಾಕಾರಕ್ಕಿಂತ ಹೆಚ್ಚಿನದೇನೂ ಇದರಲ್ಲಿ ಇಲ್ಲ.

ನಮ್ಮ ತೋಟದ ಕೆರೆ ಏರಿಯಿಂದ ಮೇಲಿನ ಕಣಕ್ಕೆ ಹೋಗುವ ದಾರಿ ಹತ್ತು ಅಡಿಗೆ ಎರಡು ಅಡಿ ಏರುತ್ತದೆ. ಗಾಡಿ, ಹೊರೆ, ಡ್ರೈವರ್ ಎಲ್ಲ ಸೇರಿ ಮೂರು ಟನ್ ಎಂದಿಟ್ಟುಕೊಳ್ಳಿ. ಈ ಏರಿನಲ್ಲಿ ಭೂಮಿ ಗಾಡಿಯನ್ನು ಸುಮಾರು 590 ಕಿಲೋ ಬಲದಿಂದ ಹಿಂದಕ್ಕೆ ಎಳೆಯುತ್ತದೆ. ಮೆತ್ತಗಿನ ಮಣ್ಣಿನ ತಡೆ ಇನ್ನೊಂದು 150 ಕಿಲೋ. ಒಟ್ಟು 740. ಇಷ್ಟು ಎಳೆತವನ್ನು ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಕೊಡಲು ಚಕ್ರಕ್ಕೆ ಬೇಕಾದ ಶಕ್ತಿ ಬರೀ 27 ಎಚ್‌ಪಿ. ಎಪ್ಪತ್ತು ಎಚ್‌ಪಿಯ ಇಂಜಿನ್‌ಗೆ ಅದು ದೊಡ್ಡದಲ್ಲ.

ಹಾಗಿದ್ದರೂ ಅದೇ ಏರಿನಲ್ಲಿ ಗಾಡಿ ನಿಲ್ಲುತ್ತದೆ, ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಕಾರಣ ಗೇರಿನಲ್ಲಿದೆ. ಆ 740 ಕಿಲೋ ಎಳೆತಕ್ಕೆ ಚಕ್ರದ ಅಚ್ಚಿನಲ್ಲಿ ಸುಮಾರು 2,540 ನ್ಯೂಟನ್ ಮೀಟರ್ ತಿರುಚುಬಲ ಬೇಕು. ಮೊದಲ ಗೇರ್ ಮತ್ತು ಹಿಂದಿನ ಅಚ್ಚಿನ ಕ್ರೌನ್ ಗೇರ್ ಸೇರಿ ಇಂಜಿನ್ನಿನ ಬಲವನ್ನು ಹದಿನೆಂಟು ಪಟ್ಟು ಮಾಡುತ್ತವೆ ಎಂದುಕೊಳ್ಳಿ. 200ರ ಇಂಜಿನ್ ತನ್ನ ಪೂರ್ತಿ ಟಾರ್ಕ್ ಕೊಟ್ಟರೆ, ನಡುವೆ ಸೋರುವುದನ್ನು ಕಳೆದು ಚಕ್ರಕ್ಕೆ 3,060 ಸಿಗುತ್ತದೆ. ಏರು ಹತ್ತುತ್ತದೆ. ಆದರೆ ಪೂರ್ತಿ ಟಾರ್ಕ್ ಬರುವುದು ಇಂಜಿನ್ ಒಂದಿಷ್ಟು ಸುತ್ತು ಏರಿದ ಮೇಲೆ, ಟರ್ಬೊ ಗಾಳಿ ತುಂಬಲು ಶುರುಮಾಡಿದ ಮೇಲೆ. ಕಲ್ಲು ದಾಟಲು, ಎದುರಿಗೆ ಬಂದ ಆಳಿಗೆ ದಾರಿ ಬಿಡಲು ನಡುಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಟರೆ ಇಂಜಿನ್ ಸಾವಿರ ಸುತ್ತಿನ ಹತ್ತಿರ ಇರುತ್ತದೆ. ಅಲ್ಲಿ 120 ಸಿಕ್ಕಿದರೆ ಹೆಚ್ಚು. ಚಕ್ರಕ್ಕೆ ಬರುವುದು 1,840. ಬೇಕಾದದ್ದು 2,540. ಆಗ ಡ್ರೈವರ್ ಆಕ್ಸಿಲರೇಟರ್ ಒತ್ತಿ, ಕ್ಲಚ್ಚನ್ನು ಅರ್ಧಕ್ಕೆ ಹಿಡಿದು, ಇಂಜಿನ್ ಸುತ್ತಿಸಿಕೊಂಡು ಹೊರಡುತ್ತಾನೆ. ಆ ವ್ಯತ್ಯಾಸವನ್ನೆಲ್ಲ ಕ್ಲಚ್ ಪ್ಲೇಟ್ ತಿನ್ನುತ್ತದೆ.

ಈಗ ನಡುವೆ ಇನ್ನೊಂದು ಗೇರ್ ಪೆಟ್ಟಿಗೆ ಇಟ್ಟು ಬಲವನ್ನು ಮತ್ತೆ ಎರಡೂವರೆ ಪಟ್ಟು ಮಾಡಿ. ಅದೇ ಇಂಜಿನ್, ಅದೇ ಸಾವಿರ ಸುತ್ತು, ಚಕ್ರಕ್ಕೆ 4,590. ಕ್ಲಚ್ ಪೂರ್ತಿ ಬಿಟ್ಟು, ಕಾಲು ನೆಲಕ್ಕಿಟ್ಟು, ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ, ಗಂಟೆಗೆ ಮೂರು ಕಿಲೋಮೀಟರ್‌ನಲ್ಲಿ ಗಾಡಿ ಏರಿ ಹೋಗುತ್ತದೆ. ಅದೇ ಲೋ ಗೇರ್.

ನಮ್ಮ ಹಿರಿಯರ ಜೀಪುಗಳ ಗುಟ್ಟು ಇದೇ. ಮಹೀಂದ್ರಾದವರು ವಿಲ್ಲಿಸ್ ಜೀಪು ಜೋಡಿಸಲು ಶುರುಮಾಡಿದ್ದು 1940ರ ದಶಕದ ಕೊನೆಯಲ್ಲಿ. ಆಮೇಲೆ ಬಂದ ಎಂಎಂ 540ರಲ್ಲಿ ಇದ್ದದ್ದು 2112 ಸಿಸಿಯ ಪೆಜೋ ಡೀಸೆಲ್, ಅರವತ್ತರ ಆಸುಪಾಸಿನ ಎಚ್‌ಪಿ. ಟರ್ಬೊ ಇಲ್ಲ. ಟರ್ಬೊ ಇಲ್ಲದ ಇಂಜಿನ್ ಎತ್ತರಕ್ಕೆ ಹೋದಷ್ಟೂ ಗಾಳಿ ಸಾಲದೆ ಸೊರಗುತ್ತದೆ, ಚಿಕ್ಕಮಗಳೂರಿನಷ್ಟು ಎತ್ತರದಲ್ಲಿ ಹತ್ತರಲ್ಲಿ ಒಂದು ಪಾಲು ಶಕ್ತಿ ಹೋಗುತ್ತದೆ. ಅಂಥ ಇಂಜಿನ್ ಇಟ್ಟುಕೊಂಡು ಆ ಜೀಪುಗಳು ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ, ಕಳಸದ ತೋಟಗಳನ್ನೆಲ್ಲ ಹತ್ತಿ ಇಳಿದವು. ಇವತ್ತಿಗೂ ಹತ್ತುತ್ತಿವೆ. ಅವುಗಳ ಲೋ ಗೇರಿನ ಕುಳ್ಳ ಸನ್ನೆಕೋಲನ್ನು ಎಳೆದರೆ ಗಾಡಿ ನೆಲ ಕಚ್ಚಿಕೊಂಡು ಹೋಗುತ್ತಿತ್ತು. ನಮ್ಮ ಭಾವನಿಗೆ ನಾನು ಕೊಟ್ಟ ಮೊದಲ ಸಲಹೆ: ನೂರು ಎಚ್‌ಪಿಗೆ ಕೊಡುವ ಹೆಚ್ಚಿನ ದುಡ್ಡು ಉಳಿಸಿ, ಏರು ಕಡಿದಾಗಿದ್ದರೆ ಲೋ ಗೇರಿಗೆ ಕೊಡಿ.

ಫೋರ್ ವೀಲ್ ಯಾರಿಗೆ

ಇಲ್ಲಿ ಒಂದು ತೊಡಕಿದೆ. ನಮ್ಮ ಪಿಕಪ್‌ಗಳಲ್ಲಿ ಲೋ ಗೇರ್ ಬೇರೆಯಾಗಿ ಸಿಗುವುದಿಲ್ಲ, ಫೋರ್ ವೀಲ್ ಜೊತೆಗೇ ಬರುತ್ತದೆ. ಹಾಗಾಗಿ ಫೋರ್ ವೀಲ್ ಬೇಕೇ ಎಂಬ ಪ್ರಶ್ನೆಯಲ್ಲಿ ಎರಡು ಪ್ರಶ್ನೆಗಳಿವೆ. ಮುಂದಿನ ಚಕ್ರಕ್ಕೂ ಎಳೆತ ಬೇಕೇ? ಇನ್ನಷ್ಟು ಕೆಳಗಿನ ಗೇರ್ ಬೇಕೇ? ಬಹಳ ಜನ ಮೊದಲನೆಯದನ್ನಷ್ಟೇ ಯೋಚಿಸುತ್ತಾರೆ, ಮಳೆಗಾಲದ ಕೆಸರು ನೆನೆದುಕೊಂಡು.

ಕೆಸರಿನ ವಿಷಯದಲ್ಲಿ ನಮ್ಮ ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಪಂಚಾಂಗ ಒಂದು ಉಪಕಾರ ಮಾಡಿದೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ. ಅಂದರೆ ವರ್ಷದ ಅತಿ ಭಾರದ ಹೊರೆ ನೆಲ ಒಣಗಿ ಧೂಳೆದ್ದಿರುವಾಗಲೇ ಬರುತ್ತದೆ. ಆಗ ಬೇಕಾಗುವುದು ಕೆಳಗಿನ ಗೇರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿದ್ದಾಗ ಗಾಡಿಯಲ್ಲಿ ಗೊಬ್ಬರದ ಕೆಲವು ಮೂಟೆ, ಕಂಬಳಿ ಕೊಪ್ಪೆ, ಕಳೆ ಯಂತ್ರ, ಪೆಟ್ರೋಲ್ ಕ್ಯಾನ್ ಇಷ್ಟೇ ಇರುತ್ತವೆ. ಆದರೆ ಹಿಂದಿನ ಚಕ್ರ ಎಳೆಯುವ ಪಿಕಪ್ ಖಾಲಿ ಇದ್ದಾಗಲೇ ಹೆಚ್ಚು ಜಾರುತ್ತದೆ. ಇಂಜಿನ್ನಿನ ಭಾರವೆಲ್ಲ ಮುಂದೆ, ಎಳೆಯುವ ಚಕ್ರ ಹಿಂದೆ, ಅದರ ಮೇಲೆ ಭಾರವಿಲ್ಲ. ಜಂಬಿಟ್ಟಿಗೆ ಮಣ್ಣಿನ ಪಾಚಿಗಟ್ಟಿದ ತಿರುವಿನಲ್ಲಿ ಒಂದು ಚಕ್ರ ಸುಮ್ಮನೆ ಸುತ್ತುತ್ತ ನಿಲ್ಲುತ್ತದೆ. ಹಿಂದೆ ಐದಾರು ಮೂಟೆ ಮರಳು ಹಾಕಿಕೊಂಡು ಓಡಾಡುವವರು ನಮ್ಮಲ್ಲಿದ್ದಾರೆ. ಅದು ಸರಿಯಾದ ಉಪಾಯವೇ. ಚಕ್ರಕ್ಕೆ ಚೈನ್ ಕಟ್ಟುವುದೂ ಸರಿಯೇ, ಟಾರು ರಸ್ತೆಗೆ ಬಂದ ತಕ್ಷಣ ಬಿಚ್ಚಿದರೆ. ಟೈರನ್ನು ಮಾತ್ರ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಸವೆದ ಟೈರಿನ ಫೋರ್ ವೀಲ್‌ಗಿಂತ ಒಳ್ಳೆ ಗುಂಡಿಯಿರುವ ಹೊಸ ಟೈರಿನ ಟೂ ವೀಲ್ ಕೆಸರಲ್ಲಿ ಮುಂದೆ ಹೋದದ್ದನ್ನು ನಾನು ಗೋಣಿಬೀಡಿನ ಕಡೆ ಕಣ್ಣಾರೆ ಕಂಡಿದ್ದೇನೆ.

ಹಾಸನದ ಪೂರ್ವಕ್ಕೆ ಹೋದರೆ ಮಾತೇ ಬೇರೆ. ಅರಸೀಕೆರೆಯ ತೆಂಗು, ಚನ್ನರಾಯಪಟ್ಟಣ, ಹೊಳೆನರಸೀಪುರದ ಬಯಲು, ಹಾಸನದ ಮಾರುಕಟ್ಟೆಗೆ ಆಲೂಗಡ್ಡೆ ಸಾಗಿಸುವವರು, ಇವರಿಗೆ ಫೋರ್ ವೀಲ್ ದಂಡ. ಹೆಚ್ಚಿನ ತೂಕ, ಹೆಚ್ಚಿನ ಡೀಸೆಲ್, ಹೆಚ್ಚಿನ ಜಾಯಿಂಟುಗಳು. ಆ ದುಡ್ಡಿಗೆ ಉದ್ದನೆಯ ತೊಟ್ಟಿಯ, ಹೆಚ್ಚು ಭಾರದ ಟೂ ವೀಲ್ ಬರುತ್ತದೆ. ಶುಂಠಿ ಬೆಳೆಯುವವರು ನಡುವೆ ನಿಲ್ಲುತ್ತಾರೆ. ಗದ್ದೆಯಿಂದ ರಸ್ತೆಗೆ ಬರುವ ನೂರು ಅಡಿ ಬಿಟ್ಟರೆ ಅವರಿಗೂ ಬಯಲೇ, ಆ ನೂರು ಅಡಿಗೆ ಟ್ರ್ಯಾಕ್ಟರ್ ಇದ್ದೇ ಇರುತ್ತದೆ.

ಮಲೆನಾಡಲ್ಲೂ ಎಲ್ಲರಿಗೂ ಬೇಡ. ತೋಟದಲ್ಲಿ ಒಂದೇ ಒಂದು ಕೆಟ್ಟ ತುಂಡು ರಸ್ತೆ ಇದ್ದರೆ, ಅದಕ್ಕೆ ಜಲ್ಲಿ ಹಾಕಿ ಎರಡು ಚಕ್ರದ ಅಗಲಕ್ಕೆ ಕಾಂಕ್ರೀಟ್ ಪಟ್ಟಿ ಹಾಕಿಸುವುದು ಫೋರ್ ವೀಲ್‌ಗೆ ಕೊಡುವ ಹೆಚ್ಚಿನ ಬೆಲೆಗಿಂತ ಅಗ್ಗವಾಗಬಹುದು. ಆ ಪಟ್ಟಿ ಟಿಲ್ಲರ್‌ಗೂ ಆಗುತ್ತದೆ, ಆಂಬ್ಯುಲೆನ್ಸ್‌ಗೂ ಆಗುತ್ತದೆ. ಗಾಡಿ ಕೊಳ್ಳುವ ಮುಂಚೆ ಈ ಎರಡು ಬೆಲೆಗಳನ್ನು ಪಕ್ಕಪಕ್ಕ ಬರೆದು ನೋಡಲೇಬೇಕು.

ಕೊಂಡವರಿಗೆ ಎರಡು ಮಾತು. ಈ ಗಾಡಿಗಳ ಫೋರ್ ವೀಲ್ ಬೇಕಾದಾಗಷ್ಟೇ ಹಾಕುವಂಥದ್ದು, ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್, ಅಂದರೆ ಎರಡನ್ನೂ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು, ಇಲ್ಲ. ತಿರುವಿನಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಹೆಚ್ಚು ದೂರ ಹೋಗುತ್ತದೆ. ಮಣ್ಣಿನಲ್ಲಾದರೆ ಚಕ್ರ ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಒಣ ಟಾರಿನಲ್ಲಿ ಜಾರುವುದಿಲ್ಲ, ತಿರುಚು ಒಳಗೇ ಕಟ್ಟಿಕೊಂಡು ಜಾಯಿಂಟು, ಚೈನು, ಗೇರಿನ ಹಲ್ಲುಗಳ ಮೇಲೆ ಬೀಳುತ್ತದೆ. ಆದ್ದರಿಂದ ಗೇಟು ದಾಟಿ ಟಾರಿಗೆ ಬಂದ ಕೂಡಲೇ ತೆಗೆಯಿರಿ. ಬೇಸಿಗೆಯಲ್ಲೂ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹಾಕಿ ಎರಡು ಕಿಲೋಮೀಟರ್ ಓಡಿಸಿ. ಎಂಟು ತಿಂಗಳು ಮುಟ್ಟದೆ ಬಿಟ್ಟ ಸನ್ನೆಕೋಲು ಜೂನ್‌ನ ಮೊದಲ ಕೆಸರಿನಲ್ಲಿ ಕೈಕೊಡುತ್ತದೆ.

ಹೊಗೆ ಹೋಯಿತು, ಮಸಿ ಎಲ್ಲಿ ಹೋಯಿತು?

ಇಂಜಿನ್ ಆಯ್ಕೆಯಲ್ಲಿ ನಮ್ಮ ಭಾಗಕ್ಕೆ ನಿಜವಾಗಿ ಹೊಸದಾದ ಸಮಸ್ಯೆ ಇದು. 2020ರ ಏಪ್ರಿಲ್ 1ರಿಂದ ದೇಶದಲ್ಲಿ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು, 2023ರ ಏಪ್ರಿಲ್‌ನಲ್ಲಿ ಅದರ ಎರಡನೇ ಹಂತ. ಡೀಸೆಲ್‌ನಲ್ಲಿದ್ದ ಗಂಧಕ ಹತ್ತು ಲಕ್ಷದಲ್ಲಿ 50 ಪಾಲಿನಿಂದ 10ಕ್ಕೆ ಇಳಿಯಿತು. ಹೊಸ ಡೀಸೆಲ್ ಪಿಕಪ್ ಹಿಂದೆ ನಿಂತರೆ ಕಪ್ಪು ಹೊಗೆ ಕಾಣುವುದಿಲ್ಲ. ಕಾಫಿ ಕಣದಲ್ಲಿ ದಿನವಿಡೀ ಕೆಲಸ ಮಾಡುವ ಹೆಣ್ಣಾಳುಗಳ ಎದೆಗೆ ಅದು ಎಷ್ಟು ಒಳ್ಳೆಯದೆಂದು ನೆನೆದರೆ ಈ ನಿಯಮದ ಮೇಲೆ ನನಗೆ ಸಿಟ್ಟಿಲ್ಲ.

ಮಸಿ ಹುಟ್ಟುವುದು ನಿಂತಿಲ್ಲ, ಸೈಲೆನ್ಸರ್ ಸಾಲಿನಲ್ಲಿ ಜೇನುಹುಟ್ಟಿನಂತೆ ಸಣ್ಣ ಸಣ್ಣ ಗೂಡುಗಳಿರುವ ಫಿಲ್ಟರ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಡಿಪಿಎಫ್ ಎನ್ನುವುದು ಇದಕ್ಕೇ. ಹೆದ್ದಾರಿಯಲ್ಲಿ ಒಂದೇ ಸಮ ಓಡುವ ಗಾಡಿಯಲ್ಲಿ ಹೊಗೆ ಬಿಸಿಯಾಗಿರುವುದರಿಂದ ಮಸಿ ತಾನಾಗಿ ಸುಟ್ಟುಹೋಗುತ್ತಿರುತ್ತದೆ. ಹಾಗಾಗದಿದ್ದರೆ ಗಾಡಿಯ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಚಿಮ್ಮಿಸಿ, ಫಿಲ್ಟರನ್ನು 600 ಡಿಗ್ರಿ ಆಸುಪಾಸು ಕಾಯಿಸಿ ಮಸಿಯನ್ನು ಸುಡಿಸುತ್ತದೆ. ಗ್ಯಾರೇಜಿನವರು ಇದನ್ನು ರೀಜನ್ ಎನ್ನುತ್ತಾರೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ನಿಲ್ಲದ ಓಟ ಬೇಕು. ತೋಟದ ಗಾಡಿಗೆ ಆ ಭಾಗ್ಯವೇ ಇಲ್ಲ. ಎರಡನೇ ಗೇರಿನಲ್ಲಿ ಅರ್ಧ ಕಿಲೋಮೀಟರ್, ಮೂಟೆ ಹೇರಲು ಇಂಜಿನ್ ಆರಿಸದೆ ಹತ್ತು ನಿಮಿಷ, ಮತ್ತೆ ಅರ್ಧ ಕಿಲೋಮೀಟರ್, ಕೀ ತಿರುಗಿಸಿ ಊಟಕ್ಕೆ. ಶುರುವಾದ ರೀಜನ್ ನಡುವೆ ನಿಲ್ಲುತ್ತದೆ. ನಾಳೆ ಮತ್ತೆ ಶುರು, ಮತ್ತೆ ನಡುವೆ. ಪ್ರತಿ ಸಲ ಚಿಮ್ಮಿದ ಡೀಸೆಲ್‌ನಲ್ಲಿ ಸುಡದೆ ಉಳಿದದ್ದು ಪಿಸ್ಟನ್ ರಿಂಗುಗಳನ್ನು ದಾಟಿ ಕೆಳಗಿನ ಆಯಿಲ್‌ಗೆ ಸೇರುತ್ತದೆ. ನಮ್ಮ ಗಾಡಿಯ ಆಯಿಲ್ ಹೆಚ್ಚಿದ್ದು ಹಾಗೆ. ತೆಳುವಾದ ಆಯಿಲ್‌ನಲ್ಲಿ ಓಡಿದರೆ ಬೇರಿಂಗ್, ಟರ್ಬೊ ಎರಡೂ ಸವೆಯುತ್ತವೆ.

ಪರಿಹಾರ ದೊಡ್ಡದಲ್ಲ, ಆದರೆ ಶಿಸ್ತು ಬೇಕು. ನಾವೀಗ ವಾರಕ್ಕೊಮ್ಮೆಯಾದರೂ ಗಾಡಿಯನ್ನು ಬೇಲೂರು ಅಥವಾ ಹಾಸನದವರೆಗೆ ಒಂದೇ ಓಟದಲ್ಲಿ ಒಯ್ಯುತ್ತೇವೆ, ಗೊಬ್ಬರ, ಹಾರ್ಡ್‌ವೇರ್ ಸಾಮಾನುಗಳನ್ನು ಅದೇ ದಿನಕ್ಕೆ ಕೂಡಿಟ್ಟುಕೊಂಡು. ಆಯಿಲ್ ಬದಲಿಸುವಾಗ ಕಂಪನಿ ಹೇಳಿದ ಕಡಿಮೆ ಬೂದಿಯ ಆಯಿಲ್ಲನ್ನೇ ಹಾಕಿಸುತ್ತೇವೆ. ಮಸಿ ಸುಡುತ್ತದೆ, ಆಯಿಲ್‌ನ ಬೂದಿ ಸುಡುವುದಿಲ್ಲ. ಅದು ಫಿಲ್ಟರಿನಲ್ಲೇ ಕೂರುತ್ತದೆ. ಫಿಲ್ಟರನ್ನೇ ಕಿತ್ತುಹಾಕಿ ಕೊಡುತ್ತೇವೆ ಎನ್ನುವವರಿದ್ದಾರೆ. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಪ್ಪು, ಆ ಮಸಿ ಮತ್ತೆ ನಮ್ಮ ಕಣಕ್ಕೇ ಬರುತ್ತದೆ. ಮಾಡಬೇಡಿ.

ತೋಟದವರ ಇನ್ನೊಂದು ಅಭ್ಯಾಸ ಈ ಇಂಜಿನ್‌ಗಳಿಗೆ ವಿಷ. ಪಂಪ್‌ಸೆಟ್ಟಿಗೆ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿಗೆ ಎಂದು ಬ್ಯಾರೆಲ್‌ನಲ್ಲಿ ಡೀಸೆಲ್ ಇಟ್ಟಿರುತ್ತೇವೆ. ಮಳೆಗಾಲದ ತಂಪಿಗೆ ಬ್ಯಾರೆಲ್ ಒಳಗೆ ನೀರು ಬೆವರಿ ತಳದಲ್ಲಿ ನಿಲ್ಲುತ್ತದೆ. ಹಳೆಯ ಜೀಪು ಆ ನೀರನ್ನು ಕೆಮ್ಮಿ ಉಗುಳುತ್ತಿತ್ತು. ಈಗಿನ ಕಾಮನ್ ರೈಲ್ ಇಂಜಿನ್‌ನಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಡೀಸೆಲ್ ಹೋಗುವ ಕೂದಲೆಳೆಯ ರಂಧ್ರಗಳಿರುತ್ತವೆ. ಒಂದು ಲೋಟ ನೀರು ಒಂದು ಜೊತೆ ಇಂಜೆಕ್ಟರ್ ತೆಗೆಯಬಲ್ಲದು. ಗಾಡಿಗೆ ಬಂಕಿನ ಡೀಸೆಲ್ ಮಾತ್ರ.

ಕೆಲವು ಗಾಡಿಗಳಿಗೆ ಡೀಸೆಲ್ ಜೊತೆಗೆ ಡಿಇಎಫ್ ಎಂಬ ದ್ರವವನ್ನೂ ಹಾಕಬೇಕು. ಶುದ್ಧ ನೀರಿನಲ್ಲಿ ಶೇ. 32.5ರಷ್ಟು ಯೂರಿಯಾ ಕರಗಿಸಿದ್ದು ಅದು. ಯೂರಿಯಾ ಎಂದ ಕೂಡಲೇ ಗೋಡೌನಿನಲ್ಲಿರುವ ಚೀಲ ನೆನಪಾಗುತ್ತದೆ. ದಯವಿಟ್ಟು ಅದನ್ನು ಕರಗಿಸಿ ಹಾಕಬೇಡಿ. ಗೊಬ್ಬರದ ಯೂರಿಯಾ 2015ರಿಂದ ಪೂರ್ತಿ ಬೇವಿನೆಣ್ಣೆ ಲೇಪಿಸಿದ್ದು. ಆ ಎಣ್ಣೆ, ಅದರಲ್ಲಿರುವ ಕಲ್ಮಶ ಎರಡೂ ಸೇರಿ ಹೊಗೆ ಶುದ್ಧಿ ಮಾಡುವ ಸಾಧನವನ್ನು ಕಾಯಂ ಹಾಳುಮಾಡುತ್ತವೆ.

ದಿನಕ್ಕೆ ಐದು ಕಿಲೋಮೀಟರ್, ಅದೂ ತೋಟದೊಳಗೆ, ವಾರಕ್ಕೊಮ್ಮೆಯೂ ದೂರ ಹೋಗುವುದಿಲ್ಲ ಎನ್ನುವವರು ಹೊಸ ಡೀಸೆಲ್ ಪಿಕಪ್ ಕೊಳ್ಳಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹೊರೆ ಮುಕ್ಕಾಲು ಟನ್ ಒಳಗಿದ್ದರೆ ಮಾರುತಿ ಸೂಪರ್ ಕ್ಯಾರಿ, 2025ರ ಜೂನ್‌ನಲ್ಲಿ ಬಂದ ಟಾಟಾ ಏಸ್ ಪ್ರೊ ತರಹದ ಪೆಟ್ರೋಲ್ ಗಾಡಿ ನೋಡಿ. ಸಣ್ಣ ಓಟಕ್ಕೆ ಪೆಟ್ರೋಲ್ ಬೇಜಾರು ಮಾಡಿಕೊಳ್ಳುವುದಿಲ್ಲ. ಕಡಿದಾದ ಏರಿಗೆ ಅವು ಆಗವು, ಅದನ್ನು ಮರೆಯಬೇಡಿ. ಸಿಎನ್‌ಜಿಯಲ್ಲಿ ಅದೇ ಇಂಜಿನ್ ಇನ್ನೂ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ಬಯಲಿಗೆ, ಬಂಕ್ ಹತ್ತಿರವಿದ್ದವರಿಗೆ ಸರಿ.

ಹಳೆಯ ಗಾಡಿ ಗಟ್ಟಿಯಾಗಿದ್ದರೆ ಅದನ್ನೇ ಇಟ್ಟುಕೊಳ್ಳುವುದೂ ಒಂದು ಆಯ್ಕೆ. ಹತ್ತು ವರ್ಷವಾದ ಡೀಸೆಲ್ ಗಾಡಿಯನ್ನು ಮುಟ್ಟುಗೋಲು ಹಾಕುತ್ತಾರೆ ಎಂಬ ಮಾತು ಸಂತೆಯಲ್ಲೂ ಕೇಳುತ್ತದೆ. ಆ ಹತ್ತು ವರ್ಷದ ಮಿತಿ ದೆಹಲಿ ಸುತ್ತಲಿನ ಪ್ರದೇಶದ್ದು, ನಮ್ಮದಲ್ಲ.

ಇಳಿಯುವ ದಾರಿ, ವಿದ್ಯುತ್ತಿನ ದಾರಿ

ಹತ್ತುವುದನ್ನಷ್ಟೇ ನೋಡಿ ಗಾಡಿ ಕೊಳ್ಳುವವರು ಇಳಿಯುವುದನ್ನು ಮರೆಯುತ್ತಾರೆ. ಕೊಟ್ಟಿಗೆಹಾರ ದಾಟಿ ಚಾರ್ಮಾಡಿಯ ತಿರುವುಗಳಲ್ಲಿ ಅಥವಾ ಸಕಲೇಶಪುರ ದಾಟಿ ಶಿರಾಡಿಯಲ್ಲಿ ಹೊರೆ ಹೊತ್ತು ಇಳಿದವರಿಗೆ ಬ್ರೇಕ್ ಕಾದ ವಾಸನೆ ಗೊತ್ತು. ಮೂರು ಟನ್ ಗಾಡಿ 700 ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ ಅರವತ್ತು ಲೀಟರ್ ತಣ್ಣೀರನ್ನು ಕುದಿಸುವಷ್ಟು. ಅದಷ್ಟನ್ನೂ ಬ್ರೇಕಿಗೇ ಬಿಟ್ಟರೆ ಬ್ರೇಕ್ ಉಳಿಯುವುದಿಲ್ಲ. ಕೆಳಗಿನ ಗೇರಿನಲ್ಲಿ ಇಂಜಿನ್ನೇ ಗಾಡಿಯನ್ನು ಹಿಡಿಯಬೇಕು. ಆಟೋಮ್ಯಾಟಿಕ್ ಕೊಳ್ಳುವವರು ಈ ಕಾರಣಕ್ಕೇ ಗೇರನ್ನು ಕೈಯಲ್ಲಿ ಇಳಿಸಿ ನಿಲ್ಲಿಸುವ ಸೌಲಭ್ಯ ಇದೆಯೇ ನೋಡಿ, ಇದ್ದರೆ ಬಳಸಲು ಕಲಿಯಿರಿ. ಏರು ಹತ್ತಲು ಆಟೋಮ್ಯಾಟಿಕ್ ನಿಜಕ್ಕೂ ಚೆನ್ನ. ಸುಡಲು ಕ್ಲಚ್ ಪ್ಲೇಟೇ ಇಲ್ಲ, ಹೊರಡುವ ಕ್ಷಣದಲ್ಲಿ ಒಳಗಿನ ಟಾರ್ಕ್ ಕನ್ವರ್ಟರ್ ಬಲವನ್ನು ಹೆಚ್ಚಿಸಿ ಕೊಡುತ್ತದೆ. ಆದರೆ ಭಾರ ಹೊರುವ ಅಗ್ಗದ ಪಿಕಪ್‌ಗಳಲ್ಲಿ ಅದು ಸಿಗುವುದಿಲ್ಲ, ಕೆಟ್ಟರೆ ಕೊಪ್ಪ, ಕಳಸದಲ್ಲಿ ರಿಪೇರಿಯೂ ಸುಲಭವಲ್ಲ.

ಇಳಿಯುವ ಶಕ್ತಿಯನ್ನು ವ್ಯರ್ಥ ಮಾಡದ ಗಾಡಿ ಒಂದೇ, ವಿದ್ಯುತ್ತಿನದು. ಮೋಟಾರಿಗೆ ಸೊನ್ನೆ ವೇಗದಲ್ಲೇ ಪೂರ್ತಿ ಟಾರ್ಕ್ ಇರುವುದರಿಂದ ಕ್ಲಚ್ಚಿನ ಗೋಳಿಲ್ಲ. ಸಣ್ಣ ಓಟದಿಂದ ಕಟ್ಟಿಕೊಳ್ಳುವ ಫಿಲ್ಟರೂ ಇಲ್ಲ. ತೋಟದ ದಿನಚರಿಗೆಂದೇ ಮಾಡಿದಂತಿದೆ. ಆದರೆ ಬ್ಯಾಟರಿ ಲೆಕ್ಕ ನೋಡಿ. 2022ರಲ್ಲಿ ಬಂದ ಟಾಟಾ ಏಸ್ ಇವಿಯ ಬ್ಯಾಟರಿ 21.3 ಯೂನಿಟ್, ಕಂಪನಿ ಹೇಳಿದ ಓಟ 154 ಕಿಲೋಮೀಟರ್. ಒಟ್ಟು ಎರಡು ಟನ್ ಗಾಡಿಯನ್ನು 800 ಮೀಟರ್ ಎತ್ತರಕ್ಕೆ, ಅಂದರೆ ಹೆಚ್ಚುಕಮ್ಮಿ ಚಿಕ್ಕಮಗಳೂರು ಪೇಟೆಯಿಂದ 1,930 ಮೀಟರಿನ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರಕ್ಕೆ ಎತ್ತಲು, ಎತ್ತರಕ್ಕೇ 4.4 ಯೂನಿಟ್ ಬೇಕು. ಮೋಟಾರಿನಲ್ಲಿ ಸೋರುವುದನ್ನು ಸೇರಿಸಿದರೆ ಐದು. ಬ್ಯಾಟರಿಯ ಕಾಲು ಭಾಗ ಅಲ್ಲೇ ಹೋಯಿತು. ಇಳಿಯುವಾಗ ಒಂದಿಷ್ಟು ವಾಪಸು ಬರುತ್ತದೆ, ಪೂರ್ತಿ ಬರುವುದಿಲ್ಲ. ಕಣ ಕೆಳಗಿದ್ದು ತೋಟ ಮೇಲಿರುವವರಿಗೆ, ಖಾಲಿ ಹತ್ತಿ ಹೊರೆ ಹೊತ್ತು ಇಳಿಯುವವರಿಗೆ, ಇದು ಲಾಭದ ಲೆಕ್ಕವಾಗಬಲ್ಲದು. ಜುಲೈ ತಿಂಗಳಲ್ಲಿ ಮರ ಬಿದ್ದು ಮೂರು ದಿನ ಕರೆಂಟ್ ಇಲ್ಲದ ಊರಿನಲ್ಲಿ ಇದೊಂದೇ ಗಾಡಿ ನಂಬಿ ಕೂರಲು ನನಗೆ ಇನ್ನೂ ಧೈರ್ಯ ಬಂದಿಲ್ಲ. ಫೋರ್ ವೀಲ್ ಮತ್ತು ಒಂದೂವರೆ ಟನ್ ಎರಡೂ ಇರುವ ವಿದ್ಯುತ್ ಪಿಕಪ್ ಬಂದ ದಿನ ನಾನು ಮೊದಲು ಹೋಗಿ ನೋಡುತ್ತೇನೆ.

ಯಾವ ಗಾಡಿಯಾದರೂ ಸರಿ, ಆಳುಗಳನ್ನು ಹಿಂದಿನ ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಹೋಗುವುದನ್ನು ಬಿಡಬೇಕು. ಇದು ಇಂಜಿನ್ನಿನ ವಿಷಯವಲ್ಲದಿದ್ದರೂ ಗಾಡಿ ಆರಿಸುವಾಗಲೇ ತೀರ್ಮಾನಿಸುವ ವಿಷಯ. ದಿನಾ ಆಳು ಕರೆತರುವವರು ನಾಲ್ಕು ಬಾಗಿಲಿನ ಕ್ಯಾಂಪರ್ ತರಹದ್ದನ್ನೇ ತೆಗೆದುಕೊಳ್ಳಿ. ತೊಟ್ಟಿ ಚಿಕ್ಕದಾಗುತ್ತದೆ, ಆಗಲಿ.

ಭಾವನ ತೋಟಕ್ಕೆ ಹೋದ ಭಾನುವಾರ ಗಾರೆ ಕೆಲಸದವರು ಮಟ್ಟ ನೋಡುವ ನೀರಿನ ಪೈಪ್ ಒಯ್ದಿದ್ದೆ. ಒಂದು ತುದಿ ಭಾವ ಹಿಡಿದರು, ಇನ್ನೊಂದು ನಾನು. ಹತ್ತು ಹತ್ತು ಅಡಿಗೆ ಗೂಟ ಹೊಡೆದು ಅಳೆಯುತ್ತ ಹೋದೆವು. ದಾರಿಯ ಹೆಚ್ಚಿನ ಭಾಗ ಹತ್ತಕ್ಕೆ ಒಂದು ಅಡಿಯಷ್ಟೇ ಏರಿತ್ತು. ಹಲಸಿನ ಮರದ ತಿರುವಿನಿಂದ ಮೇಲೆ ಎಂಬತ್ತು ಅಡಿ ಮಾತ್ರ ಹತ್ತಕ್ಕೆ ಎರಡೂವರೆ. ನೆರಳಿನ ಜಾಗ, ಡಿಸೆಂಬರ್‌ವರೆಗೂ ಒಣಗುವುದಿಲ್ಲ, ಕಾಂಕ್ರೀಟ್ ಹಾಕಲು ಮಗ್ಗುಲಿನ ಜರಿ ಬಿಡುವುದಿಲ್ಲ. ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ಓಟ, ಬುಧವಾರಕ್ಕೊಮ್ಮೆ ಚಿಕ್ಕಮಗಳೂರಿಗೆ ಹೋಗಿಬರುವುದು.

“ಹಂಗಾದ್ರೆ ಸಣ್ಣ ಡೀಸೆಲ್, ಫೋರ್ ವೀಲ್,” ಅಂದೆ.

“ನೋಡದೆ ಒಪ್ಪಲ್ಲ ನಾನು,” ಅಂದರು ಭಾವ.

ಮಾರುವವರು ಡೆಮೊ ಗಾಡಿಯನ್ನು ತೋಟಕ್ಕೆ ಕಳಿಸಲು ಮೊದಲು ಒಪ್ಪಲಿಲ್ಲ, ಭಾವ ಪಟ್ಟು ಬಿಡಲಿಲ್ಲ. ಮುಂದಿನ ಶನಿವಾರ ಗಾಡಿ ಬಂತು. ಹಿಂದೆ ಇಪ್ಪತ್ತು ಮೂಟೆ ಗೊಬ್ಬರ ಹೇರಿ, ಹಲಸಿನ ಮರದ ಮೇಲಿನ ಏರಿನ ನಟ್ಟನಡುವೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಟೂ ವೀಲ್‌ನಲ್ಲಿ ಹೊರಡಿಸಲು ಹೇಳಿದರು. ಮೊದಲ ಸಲ ಇಂಜಿನ್ ನಿಂತಿತು. ಎರಡನೇ ಸಲ ಚಕ್ರ ಮಣ್ಣು ಕೆತ್ತಿತು, ಕ್ಲಚ್ ವಾಸನೆ ಕೆಳಗೆ ನಿಂತಿದ್ದ ನನ್ನವರೆಗೆ ಬಂತು. ಲೋ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಗಾಡಿ ಒಂದು ಸಲ ಅಲುಗಿ, ಸದ್ದೂ ಏರಿಸದೆ ಹತ್ತಿಕೊಂಡು ಹೋಯಿತು. ಭಾವ ಅದರ ಪಕ್ಕದಲ್ಲೇ ಚಕ್ರ ನೋಡುತ್ತ ಮೇಲಿನವರೆಗೆ ನಡೆದು ಹೋದರು.